ಚಿಪ್‌ನೊಳಗೆ ಇಣುಕುವ ಕಿಂಡಿ: ಡಿಬಗರ್ ತಂತಿ ಎಐ ಕೈಗೆ ಬಂದ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತಿನ ಸಂಚಿಕೆ ಒಂದು ಮೇಜಿನಿಂದ ಶುರುವಾಗುತ್ತೆ.

ಮೇಜಿನ ಮೇಲೆ ಅಂಗೈ ಅಗಲದ ಸರ್ಕ್ಯೂಟ್ ಬೋರ್ಡ್ ಇದೆ. ಅದರ ನಡುವೆ ಉಗುರಿನಷ್ಟು ಅಗಲದ ಕಪ್ಪು ಚಿಪ್. ಅದೇ ಮೈಕ್ರೋಕಂಟ್ರೋಲರ್. ನಿಮ್ಮ ವಾಷಿಂಗ್ ಮಷೀನ್, ಯುಪಿಎಸ್, ಎಲೆಕ್ಟ್ರಿಕ್ ಸ್ಕೂಟರ್, ಮನೆಯ ಕರೆಂಟ್ ಮೀಟರ್, ಎಲ್ಲದರ ಒಳಗೂ ಇಂಥದ್ದೊಂದು ಕೂತಿರುತ್ತೆ. ಈ ಬೋರ್ಡ್‌ನಲ್ಲಿ ಒಂದು ಪುಟ್ಟ ದೀಪ ಮಿಣುಕ್ತಾ ಇರಬೇಕು. ಒಂದು ಸೆನ್ಸರ್ ಆಗಾಗ ಎದ್ದು, ಅಳತೆ ತಗೊಂಡು, ಮತ್ತೆ ಮಲಗಬೇಕು. ದೀಪ ಮಿಣುಕುತ್ತೆ. ಇಪ್ಪತ್ತು ನಿಮಿಷ ಆದಮೇಲೆ ನಿಂತುಹೋಗುತ್ತೆ.

ಪಕ್ಕದ ಲ್ಯಾಪ್‌ಟಾಪ್‌ನಲ್ಲಿ ಕೋಡ್ ಬರೆಯೋ ಎಐ ಇದೆ. ಅದನ್ನು ಕೇಳಿದರೆ ಕೋಡೆಲ್ಲ ಓದಿ, ಸಮಸ್ಯೆ ಸಿಕ್ಕಿತು, ಸರಿಮಾಡಿದ್ದೇನೆ ಅನ್ನುತ್ತೆ. ಹೊಸ ಕೋಡ್ ಚಿಪ್‌ಗೆ ಹಾಕ್ತೀರಿ. ಇಪ್ಪತ್ತು ನಿಮಿಷ ಕಾಯ್ತೀರಿ. ದೀಪ ನಿಂತಿತು. ಕ್ಷಮಿಸಿ, ಈಗ ನಿಜವಾದ ಕಾರಣ ಗೊತ್ತಾಯಿತು ಅನ್ನುತ್ತೆ. ಮತ್ತೆ ಇಪ್ಪತ್ತು ನಿಮಿಷ. ಮತ್ತೆ ಕ್ಷಮೆ.

ಎಂಬೆಡೆಡ್ ಕೆಲಸ ಮಾಡೋರು ಈಗ ನಗ್ತಾ ಇರ್ತೀರಿ ಅಂತ ಗೊತ್ತು. ಇಲ್ಲಿ ಎಐ ಸುಳ್ಳು ಹೇಳ್ತಾ ಇದೆ ಅಂತ ಅಲ್ಲ. ಅದಕ್ಕೆ ಕೋಡ್ ಕಾಣುತ್ತೆ, ಚಿಪ್ ಕಾಣೋದಿಲ್ಲ. ರೋಗಿಯ ನಾಡಿ ಮುಟ್ಟದೆ ಫೋನಿನಲ್ಲೇ ಮಾತ್ರೆ ಹೇಳೋ ಡಾಕ್ಟರ ಹಾಗೆ. ಒಂದೆರಡು ಸಲ ಸರಿಹೋಗಬಹುದು, ಅದು ಅದೃಷ್ಟ.

ಇತ್ತೀಚೆಗೆ ಏನಾಗಿದೆ ಅಂದ್ರೆ, ಈ ಡಾಕ್ಟರನ್ನು ರೋಗಿಯ ಪಕ್ಕಕ್ಕೇ ಕರೆತರುವ ದಾರಿ ತೆರೆದಿದೆ. ಚಿಪ್‌ಗೆ ಜೋಡಿಸಿದ ಹಾರ್ಡ್‌ವೇರ್ ಡಿಬಗರನ್ನು ನೇರವಾಗಿ ಎಐ ಏಜೆಂಟ್ ಕೈಗೆ ಕೊಡೋದು. ಚಿಪ್ಪನ್ನು ನಿಲ್ಲಿಸು, ಒಳಗಿನ ರಿಜಿಸ್ಟರ್ ಓದು, ಈ ಸಾಲಿಗೆ ಬಂದಾಗ ತಡೆ ಎಂದು ಅದೇ ಆಜ್ಞೆ ಮಾಡಬಹುದು. ಇದು ನಿನ್ನೆ ಮೊನ್ನೆ ಹುಟ್ಟಿದ ಜಾದೂ ಥರ ಕಾಣುತ್ತೆ. ಆದರೆ ಆ ತಂತಿಯ ಹಿಂದೆ ಎಪ್ಪತ್ತೈದು ವರ್ಷಗಳ ಕಥೆ ಇದೆ. ಆ ಕಥೆಯ ಜಗಳವೂ ಇದೇ: ಊಹೆ ಮಾಡೋದಾ, ಒಳಗೆ ಇಣುಕಿ ನೋಡೋದಾ?

ಬಗ್ ಅನ್ನೋ ಪದದ ಕಥೆ ಬಹಳ ಜನ ಕೇಳಿರ್ತೀರಿ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ಮಾರ್ಕ್ 2 ಯಂತ್ರದ ರಿಲೇ ಒಂದರಲ್ಲಿ ಪತಂಗವೊಂದು ಸಿಕ್ಕಿಕೊಂಡಿತ್ತು. ಅದನ್ನು ತೆಗೆದು ದಿನಚರಿ ಪುಸ್ತಕಕ್ಕೆ ಟೇಪ್ ಹಚ್ಚಿ ಅಂಟಿಸಿದರು. ಪುಸ್ತಕ ಈಗ ಅಮೆರಿಕದ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ, ಹುಳದ ಸಮೇತ. ಬಗ್ ಪದ ಅಲ್ಲಿಂದ ಬಂತು ಅನ್ನೋದು ಮಾತ್ರ ತಪ್ಪು. ಎಡಿಸನ್ 1878ರಲ್ಲೇ ಕಾಗದದಲ್ಲಿ ಆ ಪದ ಬಳಸಿದ್ದ. ಪತಂಗವನ್ನು ಅಂಟಿಸಿದವರು ಮಾಡಿದ್ದು ಒಂದು ತಮಾಷೆ, ಕೊನೆಗೂ ನಿಜವಾದ ಹುಳವೇ ಸಿಕ್ಕಿತಲ್ಲ ಅಂತ.

ನನಗೆ ಅದಕ್ಕಿಂತ ಇಷ್ಟವಾದ ಕಥೆ ಇಂಗ್ಲೆಂಡಿನದು. 1949ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಎಡ್ಸ್ಯಾಕ್ ಕಂಪ್ಯೂಟರ್ ಓಡತೊಡಗಿತು. ಅದನ್ನು ಕಟ್ಟಿದ ಮಾರಿಸ್ ವಿಲ್ಕ್ಸ್ ಮುಂದೆ ತಮ್ಮ ಆತ್ಮಕಥೆಯಲ್ಲಿ ಒಂದು ಗಳಿಗೆಯನ್ನು ನೆನಪಿಸಿಕೊಳ್ಳುತ್ತಾರೆ. ಮೆಟ್ಟಿಲು ಹತ್ತಿ ಇಳಿಯುತ್ತಾ ಓಡಾಡುವಾಗ ಅವರಿಗೆ ಹೊಳೆಯಿತಂತೆ, ಇನ್ನುಳಿದ ಆಯಸ್ಸಿನ ದೊಡ್ಡ ಪಾಲು ತನ್ನದೇ ಪ್ರೋಗ್ರಾಮ್‌ಗಳ ತಪ್ಪು ಹುಡುಕುವುದರಲ್ಲೇ ಕಳೆಯುತ್ತದೆ ಎಂದು. ಕಂಪ್ಯೂಟರ್ ಮುಂದೆ ಕೂತವರೆಲ್ಲರಿಗೂ ಆ ಮೆಟ್ಟಿಲು ಒಂದು ದಿನ ಸಿಕ್ಕೇ ಸಿಗುತ್ತೆ.

ಎಡ್ಸ್ಯಾಕ್‌ನಲ್ಲಿ ಮೆಮರಿಯೊಳಗೆ ಏನಿದೆ ಎಂದು ಪರದೆಯ ಮೇಲೆ ಚುಕ್ಕೆಗಳಾಗಿ ನೋಡಬಹುದಿತ್ತು. ಪ್ರೋಗ್ರಾಮನ್ನು ಒಂದೊಂದೇ ಹೆಜ್ಜೆ ನಡೆಸಿ, ಪ್ರತಿ ಹೆಜ್ಜೆಗೂ ಇಣುಕಬಹುದಿತ್ತು. ಆದರೆ ಇಡೀ ವಿಶ್ವವಿದ್ಯಾಲಯಕ್ಕೆ ಒಂದೇ ಯಂತ್ರ. ಒಬ್ಬರು ಇಣುಕ್ತಾ ಕೂತರೆ ಉಳಿದವರೆಲ್ಲ ಸಾಲಿನಲ್ಲಿ ನಿಲ್ಲಬೇಕು. ಹಾಗಾಗಿ ಬೇರೆ ಪದ್ಧತಿ ಬಂತು. ಪ್ರೋಗ್ರಾಮ್ ಸತ್ತಮೇಲೆ ಮೆಮರಿಯ ಚಿತ್ರವನ್ನು ಕಾಗದದ ಮೇಲೆ ಮುದ್ರಿಸಿಕೊಂಡು, ಯಂತ್ರ ಬಿಟ್ಟು, ನಿಮ್ಮ ಮೇಜಿಗೆ ಹೋಗಿ ನೋಡಿಕೊಳ್ಳಿ. ಅದಕ್ಕೆ ಪೋಸ್ಟ್ ಮಾರ್ಟಮ್ ಅಂತಲೇ ಹೆಸರು. ಸ್ಟ್ಯಾನ್ಲಿ ಗಿಲ್ ಎಂಬ ಯುವಕ 1951ರಲ್ಲಿ ಎಡ್ಸ್ಯಾಕ್ ಪ್ರೋಗ್ರಾಮ್‌ಗಳ ತಪ್ಪು ಪತ್ತೆ ಮಾಡುವ ಬಗ್ಗೆಯೇ ಒಂದು ಪ್ರಬಂಧ ಬರೆದ. ಪ್ರೋಗ್ರಾಮ್ ನಡೆಯುತ್ತಿರುವಾಗಲೇ ಅದರ ಜಾಡನ್ನು ಇನ್ನೊಂದು ಪ್ರೋಗ್ರಾಮ್ ಬರೆದಿಡುವುದು ಅವನು ವಿವರಿಸಿದ ಉಪಾಯ. ಯಂತ್ರದ ತಪ್ಪನ್ನು ಯಂತ್ರದ ಕೈಲೇ ಹುಡುಕಿಸೋ ಆಸೆ ಅಷ್ಟು ಹಳೆಯದು.

ಎಡ್ಸ್ಯಾಕ್ ಒಂದು ಕೋಣೆ ತುಂಬ ಇತ್ತು. ತಂತಿ ಎಲ್ಲಿ ಬೇಕಾದರೂ ಮುಟ್ಟಿ ನೋಡಬಹುದು. ಮೈಕ್ರೊಪ್ರೊಸೆಸರ್ ಬಂದಾಗ, ಅಂದರೆ 1971ರಿಂದ ಈಚೆಗೆ, ಆ ಕೋಣೆ ಒಂದು ಉಗುರಿನೊಳಗೆ ಸೇರಿ ಮೇಲೆ ಮುಚ್ಚಳ ಬಿತ್ತು. ಮೈಕ್ರೋಕಂಟ್ರೋಲರ್ ಬಂದಮೇಲಂತೂ ಪ್ರೋಗ್ರಾಮ್, ಮೆಮರಿ, ಟೈಮರ್ ಎಲ್ಲ ಒಂದೇ ಕಪ್ಪು ಪೆಟ್ಟಿಗೆಯೊಳಗೆ. ಹೊರಗೆ ಕಾಣೋದು ಕಾಲುಗಳು ಮಾತ್ರ.

ಇಂಟೆಲ್ 1975ರ ಹೊತ್ತಿಗೆ ಇದಕ್ಕೆ ಒಂದು ಪರಿಹಾರ ಮಾರುಕಟ್ಟೆಗೆ ತಂದಿತು. ಹೆಸರು ಐಸ್-80. ಐಸ್ ಅಂದ್ರೆ ಇನ್-ಸರ್ಕಿಟ್ ಎಮ್ಯುಲೇಟರ್. ಬೋರ್ಡ್‌ನಿಂದ 8080 ಚಿಪ್ಪನ್ನು ಕಿತ್ತು, ಅದೇ ಜಾಗಕ್ಕೆ ಒಂದು ಪ್ಲಗ್ ಚುಚ್ಚೋದು. ಪ್ಲಗ್‌ನ ಇನ್ನೊಂದು ತುದಿಯಲ್ಲಿ ದೊಡ್ಡ ಯಂತ್ರ ಕೂತು ಚಿಪ್‌ನ ವೇಷ ಹಾಕುತ್ತೆ. ಬೋರ್ಡ್‌ಗೆ ಗೊತ್ತೇ ಆಗೋದಿಲ್ಲ. ನಾಟಕ ಕಂಪನಿಯಲ್ಲಿ ನಿಜವಾದ ನಟನನ್ನು ಕೂರಿಸಿ, ಅವನ ಪಾತ್ರ ಮಾಡುತ್ತಲೇ ಒಳಗಿನ ಸಮಾಚಾರವೆಲ್ಲ ನಿಮಗೆ ಹೇಳೋ ಇನ್ನೊಬ್ಬನನ್ನು ರಂಗಕ್ಕೆ ಕಳಿಸಿದ ಹಾಗೆ. ಬೆಲೆ ಸಾವಿರಾರು ಡಾಲರ್. ಕಂಪನಿಗೆ ಒಂದಿದ್ದರೆ ಹೆಚ್ಚು. ಅದಕ್ಕೂ ಸರದಿ.

ಉಳಿದವರು ಏನು ಮಾಡ್ತಿದ್ರು? ಸುಟ್ಟು ನೋಡ್ತಿದ್ರು. ಆಗಿನ 8748, 8751ರಂಥ ಚಿಪ್‌ಗಳ ನೆತ್ತಿಯ ಮೇಲೆ ಒಂದು ಪುಟ್ಟ ಗಾಜಿನ ಕಿಟಕಿ ಇರುತ್ತಿತ್ತು. ಪ್ರೋಗ್ರಾಮ್ ಬದಲಿಸಬೇಕು ಅಂದ್ರೆ ಚಿಪ್ ಕಿತ್ತು, ಅಲ್ಟ್ರಾವಯಲೆಟ್ ದೀಪದ ಪೆಟ್ಟಿಗೆಯೊಳಗೆ ಇಟ್ಟು, ಹದಿನೈದಿಪ್ಪತ್ತು ನಿಮಿಷ ಕಾಯಬೇಕು. ಹಳೆಯದು ಅಳಿಸಿದ ಮೇಲೆ ಹೊಸದನ್ನು ಬರೆದು, ಮತ್ತೆ ಬೋರ್ಡ್‌ಗೆ ಚುಚ್ಚಿ, ದೇವರ ಮೇಲೆ ಭಾರ ಹಾಕಿ ಸ್ವಿಚ್ ಒತ್ತೋದು. ನಡೆಯಲಿಲ್ಲವಾ? ಮತ್ತೆ ಊಹೆ, ಮತ್ತೆ ದೀಪದ ಪೆಟ್ಟಿಗೆ. ಕಿಟಕಿ ಇತ್ತು ನಿಜ, ಆದರೆ ಅದು ಬೆಳಕು ಒಳಗೆ ಹೋಗೋಕೆ. ನಮ್ಮ ಕಣ್ಣಿಗಲ್ಲ.

ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಎಲೆಕ್ಟ್ರಾನಿಕ್ಸ್ ಓದಿದವರಿಗೆ 8085 ಕಿಟ್ ನೆನಪಿರುತ್ತೆ. ಹೆಕ್ಸ್ ಕೀಗಳ ಪುಟ್ಟ ಕೀಪ್ಯಾಡ್, ಕೆಂಪು ಅಂಕಿಗಳ ಡಿಸ್‌ಪ್ಲೇ. ವಿಳಾಸ ಒತ್ತಿದರೆ ಆ ಜಾಗದಲ್ಲಿರೋ ಬೈಟ್ ಕಾಣುತ್ತೆ. ಕಿಟ್‌ನೊಳಗೆ ಮೊದಲೇ ತುಂಬಿಸಿಟ್ಟ ಮಾನಿಟರ್ ಎಂಬ ಪ್ರೋಗ್ರಾಮ್ ಆ ಕೆಲಸ ಮಾಡುತ್ತಿತ್ತು. ಬಡವರ ಡಿಬಗರ್ ಅನ್ನಿ. ಪರೀಕ್ಷೆಯ ದಿನ ಒಂದು ಬೈಟ್ ತಪ್ಪು ಒತ್ತಿ ಇಡೀ ಪ್ರೋಗ್ರಾಮ್ ಹಾಳಾದ ಅನುಭವ ಎಷ್ಟು ಜನಕ್ಕಿಲ್ಲ!

ಈಗ ಕಥೆಯ ನಿಜವಾದ ತಿರುವು. ಅದು ಬಂದಿದ್ದು ಡಿಬಗ್ ಮಾಡೋರಿಂದ ಅಲ್ಲ, ಬೆಸುಗೆ ಪರೀಕ್ಷಿಸೋರಿಂದ.

1980ರ ದಶಕದಲ್ಲಿ ಬೋರ್ಡ್‌ಗಳು ಕಿರಿದಾಗುತ್ತಾ ಹೋದವು. ಚಿಪ್‌ಗಳ ಕಾಲು ತೂತಿನಲ್ಲಿ ಇಳಿಯದೆ ಮೇಲ್ಮೈಗೇ ಅಂಟತೊಡಗಿದವು, ಒಂದಕ್ಕೊಂದು ಕೂದಲೆಳೆಯಷ್ಟು ಹತ್ತಿರ. ಅದುವರೆಗೆ ಕಾರ್ಖಾನೆಯಲ್ಲಿ ಬೆಸುಗೆ ಸರಿಯಿದೆಯಾ ನೋಡೋಕೆ ಮೊಳೆಗಳ ಹಾಸಿಗೆಯಂಥ ಒಂದು ಸಾಧನದ ಮೇಲೆ ಬೋರ್ಡನ್ನು ಒತ್ತುತ್ತಿದ್ದರು. ಪ್ರತಿ ಮೊಳೆಯೂ ಒಂದೊಂದು ಜಾಗ ಮುಟ್ಟಿ ಪರೀಕ್ಷಿಸುತ್ತಿತ್ತು. ಈಗ ಮೊಳೆಗೆ ಜಾಗವೇ ಇಲ್ಲ. 1985ರಲ್ಲಿ ಯುರೋಪಿನ ಕಂಪನಿಗಳು ಸೇರಿ ಒಂದು ಗುಂಪು ಕಟ್ಟಿದವು. ಅಮೆರಿಕದವರೂ ಸೇರಿಕೊಂಡ ಮೇಲೆ ಅದರ ಹೆಸರು ಜಾಯಿಂಟ್ ಟೆಸ್ಟ್ ಆಕ್ಷನ್ ಗ್ರೂಪ್, ಅಂದರೆ ಜೆಟ್ಯಾಗ್. 1990ರಲ್ಲಿ ಅವರ ಯೋಜನೆ ಐಇಇಇ 1149.1 ಎಂಬ ಮಾನದಂಡ ಆಯಿತು.

ಉಪಾಯ ಏನು? ಹೊರಗಿನಿಂದ ಮುಟ್ಟಲು ಆಗದಿದ್ದರೆ ಚಿಪ್‌ನ ಪ್ರತಿ ಕಾಲಿನ ಹಿಂದೆ, ಒಳಗಡೆಯೇ, ಒಂದು ಪುಟ್ಟ ಕೋಶ ಇಡೋದು. ಆ ಕೋಶಗಳನ್ನೆಲ್ಲ ಒಂದು ಸರಪಳಿ ಮಾಡೋದು. ಊರಲ್ಲಿ ಬೆಂಕಿ ಬಿದ್ದಾಗ ಬಾವಿಯಿಂದ ಮನೆಯವರೆಗೆ ಜನ ಸಾಲಾಗಿ ನಿಂತು ಕೊಡಗಳನ್ನು ಕೈಯಿಂದ ಕೈಗೆ ದಾಟಿಸ್ತಾರಲ್ಲ, ಹಾಗೆ ಒಂದೊಂದೇ ಬಿಟ್ ಒಂದು ತುದಿಯಲ್ಲಿ ಒಳಹೋಗಿ ಇನ್ನೊಂದು ತುದಿಯಲ್ಲಿ ಹೊರಬರುತ್ತೆ. ಇದಕ್ಕೆ ಬೇಕಾದದ್ದು ನಾಲ್ಕೇ ತಂತಿ. ಒಂದು ಒಳಗೆ, ಒಂದು ಹೊರಗೆ, ಒಂದು ತಾಳ ಹಾಕೋಕೆ, ಇನ್ನೊಂದು ಈಗ ಯಾವ ಕೆಲಸ ಅಂತ ಹೇಳೋಕೆ.

ಬೆಸುಗೆ ನೋಡೋಕೆ ಅಂತ ಬಂದ ನಾಲ್ಕು ತಂತಿ. ಆದರೆ ಚಿಪ್ ಮಾಡುವವರಿಗೆ ಬೇರೆ ಏನೋ ಹೊಳೆಯಿತು. ಹೇಗೂ ಒಳಗೆ ಹೋಗೋಕೆ ಒಂದು ಬಾಗಿಲು ಆಗಿದೆ. ಆ ಬಾಗಿಲಿನಿಂದಲೇ ಪ್ರೊಸೆಸರನ್ನು ನಿಲ್ಲಿಸಿ ಅದರ ರಿಜಿಸ್ಟರ್ ಓದಿದರೆ? ಸಾವಿರಾರು ಡಾಲರ್‌ನ ಎಮ್ಯುಲೇಟರ್ ಪೆಟ್ಟಿಗೆ ಮಾಡುವ ಕೆಲಸದ ಸಾರವನ್ನು ಚಿಪ್‌ನೊಳಗೇ ಒಂದು ಮೂಲೆಯಲ್ಲಿ ಇಟ್ಟುಬಿಟ್ಟರೆ? ಎಆರ್‌ಎಂ ಕಂಪನಿಯ ಪ್ರಸಿದ್ಧ ವಿನ್ಯಾಸ ಎಆರ್‌ಎಂ7ಟಿಡಿಎಂಐ, 1990ರ ದಶಕದ ನಡುವಿನದು, ಆ ಕಾಲದ ಮೊಬೈಲ್‌ಗಳೊಳಗೆ ಇದ್ದದ್ದು. ಆ ಉದ್ದ ಹೆಸರಿನಲ್ಲಿ ಡಿ ಅಂದ್ರೆ ಡಿಬಗ್, ಕೊನೆಯ ಐ ಅಂದ್ರೆ ಎಂಬೆಡೆಡ್ ಐಸ್. ಹೌದು, ಅದೇ ಐಸ್. ಪೆಟ್ಟಿಗೆ ಕರಗಿ ಚಿಪ್‌ನೊಳಗೆ ಸೇರಿತ್ತು.

ಹೊರಗೆ ಇನ್ನು ಬೇಕಾದದ್ದು ಒಂದು ಕೇಬಲ್, ಒಂದು ಸಾಫ್ಟ್‌ವೇರ್. ಸಾಫ್ಟ್‌ವೇರ್ ದುಬಾರಿಯಾಗಿಯೇ ಇತ್ತು. ಇಲ್ಲಿ ಎರಡು ಹೆಸರು ಹೇಳಬೇಕು. 1986ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಬರೆದ ಜಿಡಿಬಿ, ಯಾರು ಬೇಕಾದರೂ ಬಳಸಬಹುದಾದ ಮುಕ್ತ ಡಿಬಗರ್. ಇನ್ನೊಂದು ಓಪನ್‌ಒಸಿಡಿ. ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಓದುತ್ತಿದ್ದ ಡಾಮಿನಿಕ್ ರಾತ್ ತನ್ನ ಪದವಿಯ ಪ್ರಬಂಧಕ್ಕಾಗಿ 2005ರಲ್ಲಿ ಮಾಡಿದ್ದು. ಒಂದು ಕಡೆ ಜಿಡಿಬಿ ಜೊತೆ ಮಾತಾಡುತ್ತೆ, ಇನ್ನೊಂದು ಕಡೆ ಅಗ್ಗದ ಕೇಬಲ್ ಮೂಲಕ ಚಿಪ್‌ನ ಜೊತೆ. ಒಬ್ಬ ವಿದ್ಯಾರ್ಥಿಯ ಪ್ರಾಜೆಕ್ಟ್ ಇವತ್ತಿಗೂ ಲೋಕದ ಎಷ್ಟೋ ಎಂಬೆಡೆಡ್ ಮೇಜುಗಳ ಮೇಲೆ ಓಡ್ತಾ ಇದೆ.

ಈ ಎರಡೂ ಸಾಧನಗಳಿಗೆ ಅಂದ ಚಂದ ಇಲ್ಲ. ಬಟನ್ ಇಲ್ಲ, ಬಣ್ಣದ ಕಿಟಕಿ ಇಲ್ಲ. ಕಪ್ಪು ಪರದೆ, ಅಕ್ಷರದಲ್ಲಿ ಕೇಳಬೇಕು, ಅಕ್ಷರದಲ್ಲೇ ಉತ್ತರ. ಹೊಸಬರು ಬೈಕೊಂಡೇ ಕಲೀತಿದ್ರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದೇ ದೊಡ್ಡ ವಿಷಯ ಆಗುತ್ತೆ.

ಆಮೇಲೆ ಬೆಲೆ ಬಿತ್ತು, ಬಹಳ ಬೇಗ. ಎಆರ್‌ಎಂ ತನ್ನ ಕಾರ್ಟೆಕ್ಸ್-ಎಂ ಚಿಪ್‌ಗಳಿಗೆ ನಾಲ್ಕು ತಂತಿಯ ಬದಲು ಎರಡೇ ತಂತಿ ಸಾಕು ಅನ್ನೋ ಎಸ್‌ಡಬ್ಲ್ಯುಡಿ ಪದ್ಧತಿ ತಂದಿತು. 2010ರಲ್ಲಿ ಎಸ್‌ಟಿ ಕಂಪನಿ ಹತ್ತು ಡಾಲರ್‌ಗೂ ಕಡಿಮೆಗೆ ಒಂದು ಡಿಸ್ಕವರಿ ಬೋರ್ಡ್ ಮಾರಿತು, ಅದರಲ್ಲಿ ಡಿಬಗರ್ ಕೂಡ ಸೇರಿತ್ತು. 2021ರ ರಾಸ್‌ಬೆರಿ ಪೈ ಪಿಕೊ ನಾಲ್ಕು ಡಾಲರ್. ಒಂದು ಪಿಕೊವನ್ನೇ ಡಿಬಗರ್ ಮಾಡಿ ಇನ್ನೊಂದು ಪಿಕೊದೊಳಗೆ ಇಣುಕಬಹುದು. ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋದರೆ ಪೆನ್‌ಡ್ರೈವ್ ಗಾತ್ರದ ಎಸ್‌ಟಿ-ಲಿಂಕ್ ನಕಲು ಕೆಲವು ನೂರು ರೂಪಾಯಿಗೆ ಸಿಗುತ್ತೆ. ಐಸ್-80ಗೆ ಸರದಿ ನಿಂತ ತಲೆಮಾರಿನವರಿಗೆ ಇದನ್ನು ತೋರಿಸಿದರೆ ಕಣ್ಣಲ್ಲಿ ನೀರು ಬರಬಹುದು.

ಇಷ್ಟಾದರೂ ಒಂದು ಜಗಳ ಉಳಿದಿತ್ತು. ಉತ್ಪನ್ನ ಹೊರಗೆ ಹೋಗುವಾಗ ಈ ಕಿಂಡಿಯನ್ನು ಮುಚ್ಚಬೇಕಾ, ಬಿಡಬೇಕಾ? ಬಿಟ್ಟರೆ ಲಾಭ ಏನು ಅನ್ನೋದಕ್ಕೆ ಮಂಗಳ ಗ್ರಹದ ಉದಾಹರಣೆ ಇದೆ. 1997ರ ಜುಲೈ 4ರಂದು ನಾಸಾದ ಪಾತ್‌ಫೈಂಡರ್ ಅಲ್ಲಿ ಇಳಿಯಿತು. ಕೆಲವೇ ದಿನಗಳಲ್ಲಿ ಅದರ ಕಂಪ್ಯೂಟರ್ ತಾನಾಗಿಯೇ ಮತ್ತೆ ಮತ್ತೆ ರೀಸೆಟ್ ಆಗತೊಡಗಿತು. ಕಾರಣ ಹೀಗೆ ಊಹಿಸಿಕೊಳ್ಳಿ. ಕಚೇರಿಯ ರೆಕಾರ್ಡ್ ರೂಮಿನ ಕೀಲಿ ಕಿರಿಯ ಗುಮಾಸ್ತನ ಕೈಲಿದೆ. ದೊಡ್ಡ ಸಾಹೇಬರು ಆ ಕೀಲಿಗೆ ಕಾಯ್ತಿದ್ದಾರೆ. ಅಷ್ಟರಲ್ಲಿ ನಡುವಿನ ಅಧಿಕಾರಿ ಬಂದು ಗುಮಾಸ್ತನನ್ನು ಕುರ್ಚಿಯಿಂದ ಎಬ್ಬಿಸಿ ತನ್ನ ಕೆಲಸ ಮಾಡ್ತಾ ಕೂತ. ಗುಮಾಸ್ತನ ಕೆಲಸ ಮುಗಿಯೋದಿಲ್ಲ, ಕೀಲಿ ಬಿಡೋದಿಲ್ಲ, ಸಾಹೇಬರ ಕೆಲಸ ಹೊತ್ತಿಗೆ ಆಗೋದಿಲ್ಲ. ಕಾವಲು ಕಾಯುವ ವ್ಯವಸ್ಥೆ ಇದೇನೋ ಎಡವಟ್ಟಾಗಿದೆ ಅಂತ ಇಡೀ ಕಚೇರಿಯನ್ನೇ ರೀಸೆಟ್ ಮಾಡ್ತು. ಹವಾಮಾನದ ಅಳತೆ ತೆಗೆಯುವ ಕೆಲಸವೇ ಆ ಗುಮಾಸ್ತ.

ಭೂಮಿಯ ಮೇಲೆ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯವರು ಪ್ರತಿಕೃತಿ ಯಂತ್ರದ ಮೇಲೆ, ಜಾಡು ಬರೆದಿಡುವ ಸೌಲಭ್ಯ ಹಾಕಿಕೊಂಡು, ಅದೇ ತಪ್ಪನ್ನು ಮರುಸೃಷ್ಟಿಸಿ ಹಿಡಿದರು. ಹಾಗೆ ಹಿಡಿಯಲು ಆದದ್ದು ಆ ಸೌಲಭ್ಯವನ್ನು ಹಾರಾಟದ ಸಾಫ್ಟ್‌ವೇರ್‌ನಿಂದ ಕಿತ್ತುಹಾಕದೆ ಬಿಟ್ಟಿದ್ದರಿಂದ. ಮಂಗಳದಲ್ಲಿದ್ದ ಯಂತ್ರದೊಳಗೆ ಒಂದು ಸೆಟ್ಟಿಂಗ್ ಬದಲಿಸಿದ್ದೂ ಇಲ್ಲಿಂದಲೇ.

ಈಗ ಮತ್ತೆ ನಮ್ಮ ಮೇಜಿಗೆ ಬರೋಣ.

2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಕಂಪನಿ ಎಂಸಿಪಿ, ಅಂದರೆ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಅನ್ನೋ ಮುಕ್ತ ನಿಯಮಾವಳಿ ಪ್ರಕಟಿಸಿತು. ಎಐ ಮಾದರಿ ಹೊರಗಿನ ಸಾಧನಗಳನ್ನು ಹೇಗೆ ಕರೆಯಬೇಕು, ಸಾಧನ ಹೇಗೆ ಉತ್ತರ ಕೊಡಬೇಕು ಅನ್ನೋದಕ್ಕೆ ಒಂದು ಒಪ್ಪಂದ. ಡೇಟಾಬೇಸ್, ಫೈಲ್, ಬ್ರೌಸರ್‌ಗಳಿಗೆಲ್ಲ ಜನ ಇಂಥ ಸೇತುವೆ ಕಟ್ಟಿದರು. ಎಂಬೆಡೆಡ್ ಮಂದಿ ಡಿಬಗರ್‌ಗೆ ಕಟ್ಟಿದರು. ಸರಪಳಿ ಹೀಗಿರುತ್ತೆ: ಏಜೆಂಟ್ ಒಂದು ಬೇಡಿಕೆ ಕಳಿಸುತ್ತೆ. ಸೇತುವೆ ಪ್ರೋಗ್ರಾಮ್ ಅದನ್ನು ಜಿಡಿಬಿಗೋ ಓಪನ್‌ಒಸಿಡಿಗೋ ಅರ್ಥವಾಗುವ ಆಜ್ಞೆ ಮಾಡುತ್ತೆ. ಅದು ಯುಎಸ್‌ಬಿಯಲ್ಲಿ ಚುಚ್ಚಿದ ಡಿಬಗರ್‌ಗೆ, ಅಲ್ಲಿಂದ ಎರಡು ತಂತಿಯಲ್ಲಿ ಚಿಪ್‌ಗೆ. ಉತ್ತರ ಅದೇ ದಾರಿಯಲ್ಲಿ ವಾಪಸ್. ಅದೇ ಕೊಡ ದಾಟಿಸೋ ಸಾಲು, ಬಾವಿಯ ಕಡೆಗೆ ಒಬ್ಬ ಹೊಸಬ ಸೇರಿದ್ದಾನೆ ಅಷ್ಟೇ.

ಇಲ್ಲೇ ಆ ಕಪ್ಪು ಪರದೆಯ ವಿಷಯ ಬರೋದು. ಭಾಷಾ ಮಾದರಿಗೆ ಅಕ್ಷರ ಬಿಟ್ಟರೆ ಬೇರೆ ದಾರಿ ಅಷ್ಟು ಸಲೀಸಲ್ಲ. ಅಂದವಾದ ಕಿಟಕಿ, ಬಟನ್‌ಗಳಿರುವ ದುಬಾರಿ ಸಾಧನಗಳನ್ನು ಅದು ಹಿಡಿಯೋದು ಕಷ್ಟ. ಆದರೆ 1986ರ ಜಿಡಿಬಿ, 2005ರ ವಿದ್ಯಾರ್ಥಿ ಪ್ರಾಜೆಕ್ಟ್, ಇವು ಅಕ್ಷರದಲ್ಲೇ ಕೇಳಿ ಅಕ್ಷರದಲ್ಲೇ ಹೇಳ್ತಿದ್ವು. ಹೊಸದಾಗಿ ಏನೂ ಕಂಡುಹಿಡಿಯಬೇಕಾಗಲಿಲ್ಲ. ಹಳೇಕಾಲದ್ದು ಅಂತ ಮೂಗು ಮುರಿದಿದ್ದ ಸಾಧನವೇ ಎಐಗೆ ತೀರಾ ಹೊಂದಿಕೊಂಡಿತು.

ನಿಂತ ದೀಪದ ಕಥೆ ಈಗ ಹೇಗೆ ನಡೆಯುತ್ತೆ ನೋಡಿ. ಉದಾಹರಣೆಗೆ ಅಂತ ಹೇಳ್ತೀನಿ, ಚಿಪ್ ಕಾರ್ಟೆಕ್ಸ್-ಎಂ4 ಅಂದುಕೊಳ್ಳಿ. ಏಜೆಂಟ್ ಮೊದಲು ಪ್ರೊಸೆಸರ್ ನಿಲ್ಲಿಸುತ್ತೆ. ಎಲ್ಲಿದ್ದೀಯ ಎಂದು ಕೇಳಿದರೆ, ಅದು ಹಾರ್ಡ್ ಫಾಲ್ಟ್ ಅನ್ನೋ ಜಾಗದಲ್ಲಿ ಗಾಣದ ಎತ್ತಿನ ಹಾಗೆ ಸುತ್ತುತ್ತಾ ಇದೆ. ಅಂದರೆ ದೊಡ್ಡ ತಪ್ಪು ಆಗಿ ಅಲ್ಲಿಗೆ ಬಿದ್ದಿದೆ. ತಪ್ಪಿನ ಕಾರಣ ಬರೆದಿಡುವ ರಿಜಿಸ್ಟರ್ ಓದಿದರೆ ಹೆಕ್ಸ್‌ನಲ್ಲಿ 8200. ಅದನ್ನು ಬಿಟ್‌ಗಳಾಗಿ ಬಿಡಿಸಿದರೆ 9 ಮತ್ತು 15ನೇ ಬಿಟ್ ಆನ್ ಆಗಿವೆ: ಇಲ್ಲದ ಅಥವಾ ಉತ್ತರ ಕೊಡದ ವಿಳಾಸವೊಂದನ್ನು ಮುಟ್ಟಿದೆ, ಆ ವಿಳಾಸ ಪಕ್ಕದ ರಿಜಿಸ್ಟರ್‌ನಲ್ಲಿದೆ. ಅದನ್ನು ಓದುತ್ತೆ. ಅದು ಸೆನ್ಸರ್‌ಗೆ ಮಾತಾಡುವ ಭಾಗದ ವಿಳಾಸ. ತಪ್ಪು ನಡೆದ ಕ್ಷಣದಲ್ಲಿ ಪ್ರೊಸೆಸರ್ ತಾನಾಗಿಯೇ ಸ್ಟ್ಯಾಕ್‌ಗೆ ಎತ್ತಿಟ್ಟ ಎಂಟು ಪದಗಳಲ್ಲಿ, ಯಾವ ಸಾಲಿನಲ್ಲಿದ್ದೆ ಅನ್ನೋದೂ ಇರುತ್ತೆ. ಆ ಸಾಲು ಸಿಕ್ಕಿತು. ನಿದ್ದೆಯಿಂದ ಎದ್ದ ಮೇಲೆ ಒಂದು ದಾರಿಯಲ್ಲಿ ಮಾತ್ರ, ಆ ಭಾಗಕ್ಕೆ ಗಡಿಯಾರದ ಸಂಕೇತ ಕೊಡದೆಯೇ ಅದನ್ನು ಮುಟ್ಟಲು ಹೋಗಿದೆ. ಕೆಲವು ಚಿಪ್‌ಗಳು ಅದನ್ನು ಸಹಿಸಲ್ಲ.

ಅನುಭವಿ ಇಂಜಿನಿಯರ್‌ಗೆ ಇದು ಕಾಲು ಗಂಟೆಯ ಕೆಲಸ. ಹೊಸಬರಿಗೆ ಇಡೀ ದಿನ. ಯಾಕಂದ್ರೆ ಯಾವ ಬಿಟ್ ಏನು ಅನ್ನೋದು ಚಿಪ್‌ನ ಕೈಪಿಡಿಯಲ್ಲಿದೆ. ಎಸ್‌ಟಿಎಂ32ಎಫ್4 ಸರಣಿಯ ಕೈಪಿಡಿಯೊಂದು 1,700ಕ್ಕೂ ಹೆಚ್ಚು ಪುಟ. ಅಷ್ಟು ಪುಟ ಬೇಸರವಿಲ್ಲದೆ ಹುಡುಕೋದರಲ್ಲಿ ಎಐ ನಮಗಿಂತ ಎಷ್ಟೋ ಮೇಲು, ಇದರಲ್ಲಿ ನನಗೆ ಸಂಶಯ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅದರ ಉತ್ತರ ಈಗ ಊಹೆ ಅಲ್ಲ. ಈ ಸಂಖ್ಯೆ, ಈ ವಿಳಾಸ, ಈ ಸಾಲು ಅಂತ ಸಾಕ್ಷಿ ತೋರಿಸುತ್ತೆ. ನೀವೂ ನೋಡಿ ತಾಳೆ ಹಾಕಬಹುದು.

ಹಾಗಂತ ಎಲ್ಲ ಸುಸೂತ್ರ ಅಂದ್ಕೋಬೇಡಿ. ಡಿಬಗರ್ ಕಣ್ಣು ಮಾತ್ರ ಅಲ್ಲ, ಕೈಯೂ ಹೌದು.

ಮೋಟರ್ ನಡೆಸುವ ಬೋರ್ಡ್ ಇದೆ ಅನ್ನಿ. ಏಜೆಂಟ್ ಪ್ರೊಸೆಸರ್ ನಿಲ್ಲಿಸಿತು. ಪ್ರೊಸೆಸರ್ ನಿಂತರೆ ಮೋಟರ್ ನಿಲ್ಲುತ್ತೆ ಅಂತ ನಿಯಮ ಇಲ್ಲ. ಮೋಟರ್‌ಗೆ ಮಿಡಿತ ಕೊಡುವ ಟೈಮರ್ ಬೇರೆಯೇ ಓಡ್ತಾ ಇರುತ್ತೆ, ನಿಲ್ಲಿಸು ಅಂತ ಮೊದಲೇ ಹೇಳಿರದಿದ್ದರೆ. ಮೋಟರ್ ತಿರುಗುತ್ತಲೇ ಇದೆ, ಅದರ ಬಿಸಿ ನೋಡಿ ತಡೆಯಬೇಕಾದ ಪ್ರೋಗ್ರಾಮ್ ಮಾತ್ರ ನಿದ್ದೆ ಮಾಡಿದೆ. ಅಥವಾ ಉಲ್ಟಾ: ವಾಚ್‌ಡಾಗ್ ಅನ್ನೋ ಕಾವಲುಗಾರ, ಪ್ರೊಸೆಸರ್ ಸದ್ದು ಮಾಡ್ತಿಲ್ಲ ಅಂತ ಇಡೀ ಚಿಪ್ಪನ್ನು ರೀಸೆಟ್ ಮಾಡುತ್ತೆ. ಏಜೆಂಟ್ ನೋಡುತ್ತಿದ್ದ ಸಾಕ್ಷಿಯೇ ಅಳಿಸಿಹೋಯಿತು.

ಇನ್ನೂ ನುಣುಪಾದದ್ದು ಒಂದಿದೆ. ಮೆಮರಿ ಓದೋದ್ರಲ್ಲಿ ಏನು ಅಪಾಯ ಅಂತ ಎಲ್ಲರಿಗೂ ಅನಿಸುತ್ತೆ. ಬರೆಯೋದಕ್ಕೆ ಅನುಮತಿ ಕೇಳಿದರೆ ಸಾಕು, ಓದೋದಕ್ಕೆ ಬೇಡ ಅಂತ ಬಿಟ್ಟುಬಿಡ್ತಾರೆ. ಆದರೆ ಚಿಪ್‌ನಲ್ಲಿ ಕೆಲವು ವಿಳಾಸಗಳು ಮೆಮರಿಯೇ ಅಲ್ಲ. ಸೀರಿಯಲ್ ತಂತಿಯಿಂದ ಬಂದ ಒಂದು ಬೈಟ್ ಅಲ್ಲಿ ಕಾಯ್ತಾ ಇರುತ್ತೆ, ಯಾರು ಮೊದಲು ಓದ್ತಾರೋ ಅವರಿಗೆ ಅದು ಸೇರುತ್ತೆ. ಡಿಬಗರ್ ಓದಿದರೆ ಡಿಬಗರ್‌ಗೆ. ಪ್ರೋಗ್ರಾಮ್‌ಗೆ ಸಿಗೋದಿಲ್ಲ. ಆಗ ಏಜೆಂಟ್ ಹೇಳುತ್ತೆ, ಒಂದು ಬೈಟ್ ಕಳೆದುಹೋಗ್ತಿದೆ, ಇಲ್ಲೇ ಬಗ್ ಇದೆ ಅಂತ. ಕದ್ದವರು ಯಾರು? ಹುಡುಕೋಕೆ ಬಂದವರೇ!

ಫ್ಲ್ಯಾಶ್ ಮೆಮರಿಯ ಲೆಕ್ಕವೂ ಇದೆ. ಸಾಮಾನ್ಯವಾಗಿ ಇಂಥ ಚಿಪ್‌ಗಳ ಫ್ಲ್ಯಾಶ್‌ಗೆ 10,000 ಸಲ ಅಳಿಸಿ ಬರೆಯುವ ಭರವಸೆ ಕೊಡ್ತಾರೆ. ಮನುಷ್ಯರಿಗೆ ಅದು ಮುಗಿಯದ ನಿಧಿ. ಆದರೆ ಏಜೆಂಟನ್ನು ಸರಿಯಾಗೋವರೆಗೂ ಪ್ರಯತ್ನಿಸು ಅಂತ ಬಿಟ್ಟು, ಅದು ನಿಮಿಷಕ್ಕೊಮ್ಮೆ ಹೊಸ ಕೋಡ್ ಬರೆಯತೊಡಗಿದರೆ? ಒಂದು ವಾರಕ್ಕೆ 10,080 ನಿಮಿಷ. ಅಷ್ಟೇ.

ಕೊನೆಯದು ಬೀಗದ ವಿಷಯ. ಕಿಂಡಿಯ ಮೂಲಕ ಕಳ್ಳರು ಕೋಡ್ ಕದಿಯದಿರಲಿ ಎಂದು ಚಿಪ್‌ಗಳಲ್ಲಿ ಓದದಂತೆ ತಡೆಯುವ ಬೀಗ ಇರುತ್ತೆ. ಎಸ್‌ಟಿಎಂ32ರ ಬಹಳಷ್ಟು ಚಿಪ್‌ಗಳಲ್ಲಿ ಅದರ ಎರಡನೇ ಹಂತ ಹಾಕಿದರೆ ಡಿಬಗ್ ಬಾಗಿಲು ಶಾಶ್ವತವಾಗಿ ಮುಚ್ಚುತ್ತೆ, ವಾಪಸ್ ಇಲ್ಲ. ಆ ಬೀಗ ಇರೋದು ಕೆಲವೇ ಬಿಟ್‌ಗಳಲ್ಲಿ. ಸಂಬಂಧವಿಲ್ಲದ ಇನ್ನೊಂದು ಸೆಟ್ಟಿಂಗ್ ಸರಿಮಾಡೋಕೆ ಹೋಗಿ ಏಜೆಂಟ್ ಅದೇ ಜಾಗಕ್ಕೆ ತಪ್ಪು ಮೌಲ್ಯ ಬರೆದರೆ ಬೋರ್ಡ್ ಗುಜರಿಗೆ. ಹಾಗಾಗಿ ನನ್ನ ಅಭಿಪ್ರಾಯ ಕೇಳಿದರೆ, ಆ ಜಾಗಕ್ಕೆ ಬರೆಯುವ ದಾರಿಯನ್ನು ಸೇತುವೆಯಲ್ಲಿ ಇಡಲೇಬಾರದು. ದಯವಿಟ್ಟು ಮುಟ್ಟಬೇಡ ಅಂತ ಏಜೆಂಟ್‌ಗೆ ಬರೆದು ಹೇಳೋದು ಬೇಲಿ ಅಲ್ಲ. ನಿಲ್ಲಿಸೋದು, ಓದೋದು, ಬ್ರೇಕ್‌ಪಾಯಿಂಟ್ ಇಡೋದು ಏಜೆಂಟ್‌ಗೆ. ಮೋಟರ್ ಇದ್ದ ಕಡೆ ನಿಲ್ಲಿಸೋದಕ್ಕೂ ಮನುಷ್ಯರ ಒಪ್ಪಿಗೆ. ಬೋರ್ಡ್‌ನ ಕರೆಂಟ್ ಸ್ವಿಚ್ ಮಾತ್ರ ನಿಮ್ಮ ಕೈಗೆಟಕುವ ಹಾಗಿರಲಿ.

ಮುಗಿಸುವ ಮುಂಚೆ ಇನ್ನೊಂದು ಕಥೆ. ಎಐ ಏಜೆಂಟ್ ಮತ್ತು ಡಿಬಗರ್ ಭೇಟಿಯಾಗಿದ್ದು ಇದೇ ಮೊದಲಲ್ಲ. ಹಿಂದೆ ಭೇಟಿಯಾದಾಗ ಪಾತ್ರ ಅದಲು ಬದಲಾಗಿತ್ತು.

1998ರ ಅಕ್ಟೋಬರ್‌ನಲ್ಲಿ ನಾಸಾ ಡೀಪ್ ಸ್ಪೇಸ್ 1 ಎಂಬ ನೌಕೆ ಹಾರಿಸಿತು. ಅದರೊಳಗೆ ರಿಮೋಟ್ ಏಜೆಂಟ್ ಅನ್ನೋ ಎಐ ಇತ್ತು. ನೌಕೆಯ ಕೆಲಸಗಳನ್ನು ತಾನೇ ಯೋಜಿಸಿ ತಾನೇ ನಡೆಸುವಂಥದ್ದು, ಲಿಸ್ಪ್ ಭಾಷೆಯಲ್ಲಿ ಬರೆದದ್ದು. 1999ರ ಮೇ 17ರಂದು ನೌಕೆಯನ್ನು ಅದರ ಕೈಗೆ ಕೊಟ್ಟರು. ಮರುದಿನ ಅದು ಎಂಜಿನ್ ಆರಿಸಬೇಕಾದ ಹೊತ್ತಿಗೆ ಆರಿಸಲಿಲ್ಲ. ಪ್ರೋಗ್ರಾಮ್‌ನ ಎರಡು ಎಳೆಗಳು, ನೀನು ಮೊದಲು ಹೇಳು, ಇಲ್ಲ ನೀನು ಮೊದಲು ಎಂದು ಒಂದಕ್ಕೊಂದು ಕಾಯುತ್ತಾ ನಿಂತುಬಿಟ್ಟಿದ್ದವು. ಎಷ್ಟೋ ಕೋಟಿ ಕಿಲೋಮೀಟರ್ ದೂರದಲ್ಲಿ ಓಡುತ್ತಿದ್ದ ಆ ಎಐಯ ಒಳಗಿನ ಸ್ಥಿತಿಯನ್ನು ಭೂಮಿಯ ಮೇಲಿನ ಮನುಷ್ಯರು ತರಿಸಿಕೊಂಡು, ಓದಿ, ಕಾರಣ ಹಿಡಿದರು. ತಿದ್ದಿದ ಕೋಡ್ ಕಳಿಸಬಹುದಿತ್ತು. ಪರೀಕ್ಷಿಸಲು ಸಮಯ ಸಾಲದು, ಅದೇ ತಪ್ಪು ಮತ್ತೆ ಆಗುವ ಸಂಭವವೂ ಕಡಿಮೆ ಎಂದು ಕಳಿಸಲಿಲ್ಲ. ಮೇ 21ರಂದು ಚಿಕ್ಕದೊಂದು ಯೋಜನೆ ಕೊಟ್ಟು ಮತ್ತೆ ಓಡಿಸಿದರು. ಪ್ರಯೋಗದ ಗುರಿಗಳೆಲ್ಲ ಮುಗಿದವು.

ಆ ತಪ್ಪಿನ ಬಗ್ಗೆ ಇನ್ನೊಂದು ಸಂಗತಿ. ಅದೇ ಬಗೆಯ ತಪ್ಪನ್ನು ನಾಸಾ ಏಮ್ಸ್‌ನ ಸಂಶೋಧಕರು 1997ರಲ್ಲೇ, ಅದೇ ಏಜೆಂಟ್‌ನ ಇನ್ನೊಂದು ಭಾಗದಲ್ಲಿ, ಸ್ಪಿನ್ ಎಂಬ ಪರೀಕ್ಷಾ ಸಾಧನದಿಂದ ಪತ್ತೆ ಮಾಡಿದ್ದರು. ಅದನ್ನು ಸರಿಮಾಡಿದ್ದೂ ಆಗಿತ್ತು. ಆ ಸಾಧನದ ಪರೀಕ್ಷೆಗೆ ಒಳಪಡದ ಜಾಗದಲ್ಲಿ ಅದರ ತಮ್ಮ ಕೂತಿದ್ದ.

ಇವತ್ತಿಗೆ ಇಷ್ಟು. ನಿಮ್ಮ ಮೇಜಿನ ಮೇಲೂ ಇಂಥದ್ದೊಂದು ಬೋರ್ಡ್ ಇದ್ದರೆ, ಏಜೆಂಟ್ ಜೊತೆ ಕೂತು ನೋಡಿದ್ದರೆ, ಅನುಭವ ಬರೆದು ಕಳಿಸಿ. ಬೋರ್ಡ್ ಸುಟ್ಟುಹೋಗಿದ್ದರೆ ಅದನ್ನು ತಪ್ಪದೆ ಬರೆಯಿರಿ.